ಎಕ್ಸ್‌ಎಂಎಲ್ ಸೋಸೋ ನಿಯಮ ಒಂದು ಫಂಕ್ಷನ್ ಒಳಗಿರ್ಲಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಫೋನು, ಹೊಸ ಆಪು, ಎಐ ಬಗ್ಗೆ ತುಂಬಾ ಬರ್ತಿದೆ, ಬರ್ಲಿ, ಬೇಡ ಅಂತಲ್ಲ. ಆದ್ರೆ ಕೋಡ್ ಬರೆಯೋದೇ ಕೆಲಸ ಆಗಿರೋರಿಗೆ ದಿನಾ ಎದುರಾಗೋ ವಿಷಯಗಳ ಬಗ್ಗೆ ಕನ್ನಡದಲ್ಲಿ ಓದೋಣ ಅಂದ್ರೆ ಏನೂ ಸಿಗಲ್ಲ, ಅದಕ್ಕೇ ಈ ಪತ್ರ. ವಿಷಯ ಎಕ್ಸ್‌ಎಂಎಲ್ ಡೇಟಾದಿಂದ, ಅಂದ್ರೆ ಟ್ಯಾಗ್ ಹಾಕಿ ಒಂದರೊಳಗೊಂದು ಜೋಡಿಸಿಟ್ಟ ಪಠ್ಯದಿಂದ, ನಮಗೆ ಬೇಕಾದ್ದನ್ನ ಮಾತ್ರ ಸೋಸಿ ತೆಗೆಯೋದು, ಅದೂ ನಾವೇ ಬರೆದ ಫಂಕ್ಷನ್ (ಹೆಸರಿಟ್ಟ ಪುಟ್ಟ ಕೋಡ್ ತುಂಡು) ಇಟ್ಕೊಂಡು. ಸ್ವಲ್ಪ ಉದ್ದ ಆಗತ್ತೆ, ಪುಟದಲ್ಲಿ ಜಾಗ ಇದ್ರೆ ಪೂರ್ತಿ ಹಾಕಿ ಅಂತ ಕೇಳ್ಕೋತೀನಿ.

ಎಕ್ಸ್‌ಎಂಎಲ್ಲಾ, ಅದು ಯಾವತ್ತೋ ಮುಗಿದು ಹೋಯ್ತಲ್ಲ, ಈಗ ಎಲ್ಲಾ ಜೇಸನ್ ಅನ್ನೋ ಇನ್ನೊಂದು ಡೇಟಾ ರೂಪ ಅಂತ ಹೇಳೋರು ತುಂಬಾ ಜನ. ಮುಗಿದಿಲ್ಲ. ವೆಬ್ ಮಾನದಂಡ ರೂಪಿಸೋ ಡಬ್ಲ್ಯೂ3ಸಿ ಸಂಸ್ಥೆ ಅದನ್ನ 1998ರ ಫೆಬ್ರವರೀಲಿ ಹೊರಗೆ ತಂತು, ಇವತ್ತಿಗೂ ವರ್ಡ್ ಫೈಲ್, ಎಕ್ಸೆಲ್ ಫೈಲ್ ಒಳಗೆ ಬಿಚ್ಚಿ ನೋಡಿದ್ರೆ ಇರೋದು ಎಕ್ಸ್‌ಎಂಎಲ್ಲೇ, ಇ-ಪುಸ್ತಕದ ಇಪಬ್ ಒಳಗೂ ಅದೇ, ಎಸ್‌ವಿಜಿ ಚಿತ್ರಾನೂ ಅದೇ, ಬ್ಯಾಂಕುಗಳು ಒಂದಕ್ಕೊಂದು ಕಳ್ಸೋ ಐಎಸ್‌ಒ 20022 ಮೆಸೇಜೂ ಅದೇ, ವಿಕಿಪೀಡಿಯಾದ ಪೂರ್ತಿ ಡಂಪ್ ಸಿಗೋದೂ ಅದೇ ರೂಪದಲ್ಲಿ. ಪಾಡ್‌ಕಾಸ್ಟ್ ಕೇಳೋರ ಆಪ್‌ಗೆ ಹೊಸ ಕಂತು ಬಂತು ಅಂತ ಗೊತ್ತಾಗೋದು, ಪತ್ರಿಕೆಗಳ ಸುದ್ದಿ ಬೇರೆ ಆಪ್‌ಗಳಿಗೆ ತಲುಪೋದು ಆರ್‌ಎಸ್‌ಎಸ್ ಫೀಡ್‌ನಿಂದ, ಅದೂ ಎಕ್ಸ್‌ಎಂಎಲ್. ಹಾಗಾಗಿ ಈ ಕೆಲಸ ಇನ್ನೂ ಎಷ್ಟೋ ವರ್ಷ ಯಾರಾದ್ರೂ ಮಾಡ್ತಾನೇ ಇರ್ಬೇಕು, ಮಾಡೋದಾದ್ರೆ ಸರಿಯಾಗಿ ಮಾಡ್ಬೇಕು.

ನಾನು ಹೇಳ್ಬೇಕು ಅನ್ಕೊಂಡಿರೋದು ಇಷ್ಟು. ಬೇಕಾದ ಡೇಟಾ ಫೈಲಿನಲ್ಲಿ ಎಲ್ಲಿದೆ ಅಂತ ಹುಡುಕೋ ಕೆಲಸ ಎಕ್ಸ್‌ಪಾತ್‌ಗೆ, ಅಂದ್ರೆ ಎಕ್ಸ್‌ಎಂಎಲ್ ಒಳಗಿನ ದಾರಿ ಬರೆದು ಹುಡುಕೋ ಭಾಷೆಗೆ, ಬಿಡಿ, ಸಿಕ್ಕಿದ್ದು ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋ ಕೆಲಸ ಹೆಸರಿರೋ ಒಂದು ಸಣ್ಣ ಫಂಕ್ಷನ್‌ಗೆ ಕೊಡಿ. ಈ ಎರಡನ್ನೂ ಒಂದೇ ಸಾಲಲ್ಲಿ ತುರುಕೋದ್ರಿಂದಾನೇ ಅರ್ಧಕ್ಕರ್ಧ ತೊಂದರೆ ಶುರುವಾಗೋದು. ಎಕ್ಸ್‌ಪಾತ್‌ನಲ್ಲಿ ಷರತ್ತು ಬರೆಯೋ ಚೌಕ ಬ್ರಾಕೆಟ್ ಒಳಗೆ ಇನ್ನೊಂದು ಚೌಕ ಬ್ರಾಕೆಟ್, ಅದರೊಳಗೆ ಸಬ್‌ಸ್ಟ್ರಿಂಗು, ಟ್ರಾನ್ಸ್‌ಲೇಟು, ಮೂರು ಆ್ಯಂಡು ಎರಡು ‘ಆರ್’, ಬರೆದೋರು ಕೆಲಸ ಬಿಟ್ಟು ಹೋದ್ಮೇಲೆ ಆ ಸಾಲನ್ನ ಮುಟ್ಟೋಕೆ ಯಾರಿಗೂ ಧೈರ್ಯ ಇರಲ್ಲ. ಅಥವಾ ಇದಕ್ಕೆ ಪೂರ್ತಿ ಉಲ್ಟಾ, ಎಕ್ಸ್‌ಪಾತ್ ಗೊತ್ತೇ ಇಲ್ಲ ಅನ್ನೋ ಥರ ಲೂಪ್ ಒಳಗೆ ಲೂಪ್ ಹಾಕಿ, ಪ್ರತಿ ಟ್ಯಾಗ್ ಹೆಸರನ್ನೂ ಇಫ್ ಹಾಕಿ ನೋಡೋದು, ಅದೇ ಷರತ್ತನ್ನ ನಾಲ್ಕು ಫೈಲಲ್ಲಿ ಕಾಪಿ ಮಾಡೋದು. ಎರಡೂ ಬೇಡ.

ಉದಾಹರಣೆಗೆ ಸುದ್ದಿ ಫೀಡನ್ನೇ ತಗೊಳ್ಳೋಣ. ಒಂದು ಫೀಡಿನಲ್ಲಿ ನೂರಾರು ಐಟಂ ಇದೆ, ಕಳೆದ ಏಳು ದಿನದ್ದು ಮಾತ್ರ ಬೇಕು. ಕೇಳೋಕೆ ಎಷ್ಟು ಸುಲಭ! ಆದ್ರೆ ಆರ್‌ಎಸ್‌ಎಸ್‌ನಲ್ಲಿ ದಿನಾಂಕ ಬರೋದು ಹಳೇ ಈಮೇಲ್ ಶೈಲಿಯಲ್ಲಿ, ಮೊದಲು ವಾರದ ಹೆಸರು, ಆಮೇಲೆ ತಾರೀಖು, ಆಮೇಲೆ ಇಂಗ್ಲಿಷ್ ತಿಂಗಳಿನ ಮೂರಕ್ಷರ, ವರ್ಷ, ಸಮಯ, ಕೊನೇಲಿ ಟೈಮ್‌ಝೋನ್. ವಾರದ ಹೆಸರು ಇರ್ಲೇಬೇಕು ಅಂತಿಲ್ಲ, ತಾರೀಖು ಒಂದಂಕೀನೂ ಆಗಿರ್ಬಹುದು ಎರಡಂಕೀನೂ ಆಗಿರ್ಬಹುದು, ಹಾಗಾಗಿ ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ಅಂತ ಕತ್ತರಿಸಿದ್ರೆ ಒಂದು ದಿನ ಸರಿ ಬರತ್ತೆ ಇನ್ನೊಂದು ದಿನ ತಪ್ಪತ್ತೆ.

ಎಕ್ಸ್‌ಪಾತ್ 1.0 ಬಂದಿದ್ದು 1999ರ ನವೆಂಬರಲ್ಲಿ. ಪೈಥಾನಿನ ಎಲ್‌ಎಕ್ಸ್‌ಎಂಎಲ್, ಪಿಎಚ್‌ಪಿಯ ಡಾಮ್, ಜಾವಾ ಜೊತೆಗೇ ಬರೋ ಲೈಬ್ರರಿ, ಡಾಟ್‌ನೆಟ್, ಬ್ರೌಸರ್‌ಗಳು, ಇವೆಲ್ಲದರಲ್ಲೂ ಇರೋದು ಆ 1.0 ಆವೃತ್ತೀನೇ. ಅದರಲ್ಲಿ ಒಟ್ಟು 27 ಫಂಕ್ಷನ್ ಇದೆ. ಇದರಿಂದ ಶುರುವಾಗತ್ತಾ ಅಂತ ನೋಡೋಕೆ ಇದೆ, ಇದರಿಂದ ಕೊನೆಯಾಗತ್ತಾ ಅಂತ ನೋಡೋಕೆ ಇಲ್ಲ. ರೆಗೆಕ್ಸ್ (ಪಠ್ಯದ ಮಾದರಿ ಹುಡುಕೋ ಸೂತ್ರ) ಇಲ್ಲ, ದಿನಾಂಕ ಅನ್ನೋ ಟೈಪೇ ಇಲ್ಲ. ದೊಡ್ಡದು ಚಿಕ್ಕದು ಅಂತ ಹೋಲಿಸಿದ್ರೆ ಎರಡೂ ಕಡೆ ಇರೋದನ್ನ ನಂಬರ್ ಮಾಡೋಕೆ ಹೋಗತ್ತೆ, ದಿನಾಂಕದ ಪಠ್ಯ ನಂಬರ್ ಆಗಲ್ಲ, ನ್ಯಾನ್ (ನಂಬರ್ ಅಲ್ಲ ಅನ್ನೋ ಗುರುತು) ಆಗತ್ತೆ, ನ್ಯಾನ್ ಜೊತೆ ದೊಡ್ಡದು ಚಿಕ್ಕದು ಅಂತ ಏನನ್ನ ಹೋಲಿಸಿದ್ರೂ ಫಾಲ್ಸ್, ಎರರ್ ಬರಲ್ಲ, ಸುಮ್ನೆ ಖಾಲಿ ಪಟ್ಟಿ ಬರತ್ತೆ. ಆಮೇಲೆ ಬಂದ ಆವೃತ್ತಿಗಳಲ್ಲಿ ಇದೆಲ್ಲಾ ಸರಿಯಾಗಿದೆ, 2007ರ 2.0ದಲ್ಲಿ ದಿನಾಂಕ ಮತ್ತೆ ರೆಗೆಕ್ಸ್ ಬಂತು, 2014ರ 3.0ದಲ್ಲಿ ಫಂಕ್ಷನ್ನನ್ನೇ ಇನ್ನೊಂದು ಫಂಕ್ಷನ್‌ಗೆ ಕೊಡೋದು, ಫಿಲ್ಟರ್ ಅನ್ನೋ ಫಂಕ್ಷನ್ನು ಬಂತು, 2017ರ 3.1ರಲ್ಲಿ ಈ ಈಮೇಲ್ ಶೈಲಿ ದಿನಾಂಕ ಓದೋಕೇ ಅಂತ ಪ್ರತ್ಯೇಕ ಫಂಕ್ಷನ್ ಸೇರ್ಸಿದಾರೆ. ಹೊಸ ಆವೃತ್ತಿ ಇರೋ ಸ್ಯಾಕ್ಸನ್, ಬೇಸ್‌ಎಕ್ಸ್ ಥರದ ತಂತ್ರಾಂಶ ಬಳಸೋರಿಗೆ ಅದೆಲ್ಲಾ ಸಿಗತ್ತೆ, ಅವರು ಪುಣ್ಯವಂತರು. ಉಳಿದೋರು ಫಂಕ್ಷನ್ ಬರೀಲೇಬೇಕು.

ಬರೆಯೋದೇನೂ ಕಷ್ಟ ಅಲ್ಲ. ಪೈಥಾನಿನ ಈಮೇಲ್ ಲೈಬ್ರರೀಲಿ ಈ ದಿನಾಂಕ ಓದೋ ಫಂಕ್ಷನ್ ಮೊದಲೇ ಇದೆ, ಯಾಕಂದ್ರೆ ಈಮೇಲ್ ಹೆಡರ್‌ದೂ ಇದೇ ಫಾರ್ಮ್ಯಾಟು. ನಮ್ಮ ಫಂಕ್ಷನ್ ಒಂದು ಐಟಂ ತಗೋಬೇಕು, ಅದರ ದಿನಾಂಕ ಓದ್ಬೇಕು, ಒಂದು ಗಡಿ ದಿನಾಂಕದ ಜೊತೆ ಹೋಲಿಸಿ ಹೌದು ಇಲ್ಲ ಅಂತ ಹೇಳ್ಬೇಕು. ಈಗಿನ ಸಮಯವನ್ನ ಫಂಕ್ಷನ್ ಒಳಗೇ ಕೇಳ್ಕೋಬೇಡಿ, ಹೊರಗಿಂದ ಕೊಡಿ. ಒಳಗೆ ಕೇಳಿದ್ರೆ ಎರಡು ತೊಂದರೆ, ದೊಡ್ಡ ಫೈಲ್ ಓಡ್ತಿರೋವಾಗ ಮೊದಲನೇ ಐಟಂಗೆ ಒಂದು ಗಡಿ ಕೊನೇ ಐಟಂಗೆ ಇನ್ನೊಂದು ಗಡಿ ಆಗತ್ತೆ, ಮತ್ತೆ ಟೆಸ್ಟ್ ಬರೆದ್ರೆ ಇವತ್ತು ಪಾಸಾಗಿದ್ದು ಮುಂದಿನ ವಾರ ಫೇಲಾಗತ್ತೆ. ಗಡಿ ತಗೊಂಡು ಒಂದು ಫಂಕ್ಷನ್ನನ್ನ ವಾಪಸ್ ಕೊಡೋ ಫಂಕ್ಷನ್ ಬರೆದ್ರೆ ಇನ್ನೂ ಚೆನ್ನ, ಏಳು ದಿನಕ್ಕೊಂದು ಮೂವತ್ತು ದಿನಕ್ಕೊಂದು ಅಂತ ಬೇರೆ ಬೇರೆ ಬರೀಬೇಕಿಲ್ಲ. ಟೈಮ್‌ಝೋನ್ ಗೊತ್ತಿರೋ ಸಮಯಾನ ಗೊತ್ತಿಲ್ಲದ ಸಮಯದ ಜೊತೆ ಹೋಲಿಸೋಕೆ ಹೋದ್ರೆ ಪೈಥಾನ್ ನೇರವಾಗಿ ಎರರ್ ಕೊಡತ್ತೆ, ಅದು ಒಳ್ಳೇದೇ, ಸುಮ್ನೆ ತಪ್ಪು ಉತ್ತರ ಬರೋದಕ್ಕಿಂತ.

ಈಗ ಅಸಲಿ ಪ್ರಶ್ನೆ. ದಿನಾಂಕವೇ ಇಲ್ಲದ ಐಟಂ ಬಂದ್ರೆ? ಆರ್‌ಎಸ್‌ಎಸ್ 2.0 ನಿಯಮದ ಪ್ರಕಾರ ಐಟಂ ಒಳಗಿರೋ ಎಲ್ಲಾ ಎಲಿಮೆಂಟೂ (ಟ್ಯಾಗ್ ಮತ್ತೆ ಅದರೊಳಗಿನ ಡೇಟಾ) ಐಚ್ಛಿಕ, ಶೀರ್ಷಿಕೆ ಅಥವಾ ವಿವರಣೆ ಇವೆರಡರಲ್ಲಿ ಒಂದಿದ್ರೆ ಸಾಕು. ಅಂದ್ರೆ ದಿನಾಂಕ ಇಲ್ಲದ ಐಟಂ ತಪ್ಪು ಡೇಟಾ ಅಲ್ಲ, ನಿಯಮಕ್ಕೆ ಸರಿಯಾಗೇ ಇದೆ. ನಾನು ನೋಡಿರೋ ಎಷ್ಟೋ ಕೋಡಿನಲ್ಲಿ ಇಂಥ ಕಡೆ ಟ್ರೈ ಎಕ್ಸೆಪ್ಟ್ (ಎರರ್ ಬಂದ್ರೆ ಹಿಡಿಯೋ ಸಾಲು) ಹಾಕಿ ಏನೇ ಎಡವಟ್ಟಾದ್ರೂ ಫಾಲ್ಸ್ ಅಂತ ವಾಪಸ್ ಕೊಟ್ಟಿರ್ತಾರೆ. ಪ್ರೋಗ್ರಾಂ ನಿಲ್ಲಲ್ಲ, ಎಲ್ಲಾ ಚೆನ್ನಾಗಿದೆ ಅನ್ಸತ್ತೆ, ಒಳಗೊಳಗೆ ಡೇಟಾ ಸೋರಿ ಹೋಗ್ತಿರತ್ತೆ. ಇದು ನನಗೆ ನಿಜವಾಗ್ಲೂ ಸಿಟ್ಟು ಬರ್ಸೋ ವಿಷಯ. ಎರರ್ ಕೊಟ್ಟು ನಿಂತ ಪ್ರೋಗ್ರಾಂನ ಬೆಳಗ್ಗೆ ಬಂದು ಸರಿ ಮಾಡ್ಬಹುದು, ಸದ್ದಿಲ್ಲದೆ ಬಿಟ್ಟು ಹೋದ ದಾಖಲೆ ಇತ್ತು ಅನ್ನೋದೇ ಯಾರಿಗೂ ಗೊತ್ತಾಗಲ್ಲ. ಸೋಸೋ ಫಂಕ್ಷನ್‌ಗೆ ಹೌದು, ಅಲ್ಲ ಅನ್ನೋದರ ಜೊತೆ ಹೇಳಕ್ಕಾಗಲ್ಲ ಅನ್ನೋ ಮೂರನೇ ಉತ್ತರಾನೂ ಇರ್ಬೇಕು, ಆ ಮೂರನೇ ಗುಂಪನ್ನ ಬೇರೆ ಎತ್ತಿಟ್ಟು ಎಷ್ಟಿದೆ ಅಂತ ಲಾಗ್‌ನಲ್ಲಿ ಬರೀಬೇಕು. ದಿನಾಂಕ ಇಲ್ಲದ್ದನ್ನ ಇಟ್ಕೊಳ್ಳೋದಾ ಬಿಡೋದಾ ಅನ್ನೋದು ಆ ಡೇಟಾ ಬಳಸೋರು ಕೂತು ತೀರ್ಮಾನ ಮಾಡ್ಬೇಕಾದ ವಿಷಯ, ಕೋಡ್ ಬರೆಯೋರ ಒಂದು ಎಕ್ಸೆಪ್ಟ್ ಸಾಲು ಅದನ್ನ ತೀರ್ಮಾನ ಮಾಡ್ಬಾರದು. ಫಂಕ್ಷನ್ ಬೇರೆ ಇದ್ರೆ ಆ ತೀರ್ಮಾನ ಎಲ್ಲಿದೆ ಅಂತ ಯಾರಿಗಾದ್ರೂ ಬೆರಳಿಟ್ಟು ತೋರಿಸ್ಬಹುದು.

ಇನ್ನೊಂದು ಬಲೆ ಇದೆ, ಇದು ಗೊತ್ತಿಲ್ಲದೆ ತುಂಬಾ ಜನ ಗಂಟೆಗಟ್ಟಲೆ ತಲೆ ಕೆಡಿಸ್ಕೋತಾರೆ. ಎಲ್‌ಎಕ್ಸ್‌ಎಂಎಲ್‌ನಲ್ಲಿ ನಮ್ಮ ಪೈಥಾನ್ ಫಂಕ್ಷನ್ನನ್ನ ಎಕ್ಸ್‌ಪಾತ್‌ಗೆ ರಿಜಿಸ್ಟರ್ ಮಾಡ್ಬಹುದು, ಆಮೇಲೆ ಚೌಕ ಬ್ರಾಕೆಟ್ ಒಳಗೆ ಅದನ್ನ ಹೆಸರಿಟ್ಟು ಕರೀಬಹುದು. ಪಿಎಚ್‌ಪಿ, ಜಾವಾ, ಡಾಟ್‌ನೆಟ್‌ಗಳಲ್ಲೂ ಅವರವರ ದಾರಿ ಇದೆ. ಈಗ ಆ ಫಂಕ್ಷನ್ ಟ್ರೂ ಕೊಡೋ ಬದಲು 1 ಅಂತ ಕೊಡ್ತು ಅನ್ಕೊಳ್ಳಿ. ಪೈಥಾನಲ್ಲಿ ಎರಡೂ ಒಂದೇ ಥರ ನಡೆಯತ್ತಲ್ಲ ಅಂತ ಅನ್ಸತ್ತೆ. ಆದ್ರೆ ಎಕ್ಸ್‌ಪಾತ್‌ನಲ್ಲಿ ಚೌಕ ಬ್ರಾಕೆಟ್ ಒಳಗೆ ನಂಬರ್ ಬಂದ್ರೆ ಅದರ ಅರ್ಥ ಅಷ್ಟನೇ ಸ್ಥಾನದಲ್ಲಿರೋದು ಅಂತ. ಹಾಗಾಗಿ ಎಲ್ಲಾ ಐಟಂ ಪಾಸಾದ್ರೂ ಕೈಗೆ ಸಿಗೋದು ಮೊದಲನೇದು ಮಾತ್ರ! ಫಾಲ್ಸ್ ಅನ್ನೋದನ್ನ ಪಠ್ಯವಾಗಿ ವಾಪಸ್ ಕೊಟ್ರೆ ಉಲ್ಟಾ ತೊಂದರೆ, ಖಾಲಿ ಅಲ್ಲದ ಯಾವ ಪಠ್ಯ ಆದ್ರೂ ಅಲ್ಲಿ ಟ್ರೂ, ಎಲ್ಲವೂ ಒಳಗೆ ಬಂದ್ಬಿಡತ್ತೆ. ಅದಕ್ಕೇ ರಿಜಿಸ್ಟರ್ ಮಾಡೋ ಫಂಕ್ಷನ್ನು ಬೂಲಿಯನ್ (ಟ್ರೂ ಇಲ್ಲಾ ಫಾಲ್ಸ್) ಬಿಟ್ಟು ಬೇರೇನೂ ಕೊಡ್ಬಾರದು, ಮೇಲೆ ಹೇಳಿದ ಮೂರನೇ ಉತ್ತರ ಬೇಕಾದ್ರೆ ಸೋಸೋದನ್ನ ಎಕ್ಸ್‌ಪಾತ್ ಹೊರಗೇ ಮಾಡ್ಬೇಕು. ಅದಕ್ಕೆ ಬರೋ ಆರ್ಗ್ಯುಮೆಂಟ್ ಕೂಡ ಒಂದು ಎಲಿಮೆಂಟ್ ಅಲ್ಲ, ಎಲಿಮೆಂಟುಗಳ ಲಿಸ್ಟು, ಎಲಿಮೆಂಟ್ ಇಲ್ಲದಿದ್ರೆ ಖಾಲಿ ಲಿಸ್ಟು, ಸೊನ್ನೆ ಹಾಕಿ ಮೊದಲನೇದನ್ನ ತಗೊಳ್ಳೋಕೆ ಹೋದ್ರೆ ಅಲ್ಲೇ ಬೀಳತ್ತೆ.

ಹಾಗಂತ ಸಿಕ್ಕಿದ್ದಕ್ಕೆಲ್ಲಾ ಫಂಕ್ಷನ್ ಬರೀರಿ ಅಂತ ನಾನು ಹೇಳ್ತಿಲ್ಲ. ಎಕ್ಸ್‌ಪಾತ್ ಸರಿಯಾಗಿ ಗೊತ್ತಿದ್ರೆ ಎಷ್ಟೋ ಕಡೆ ಬೇಡವೇ ಬೇಡ. ಉದಾಹರಣೆಗೆ ಒಂದು ಸುದ್ದಿಗೆ ಕ್ರೀಡೆ, ಆರೋಗ್ಯ ಅಂತ ಎರಡು ವಿಭಾಗ ಇದೆ, ನಮಗೆ ಕ್ರೀಡೆ ಬಿಟ್ಟು ಉಳಿದಿದ್ದು ಬೇಕು. ವಿಭಾಗ ಕ್ರೀಡೆಗೆ ಸಮ ಅಲ್ಲ ಅಂತ ಬರೆದ್ರೆ ಈ ಸುದ್ದೀನೂ ಬರತ್ತೆ, ಯಾಕಂದ್ರೆ ಎರಡರಲ್ಲಿ ಯಾವುದಾದ್ರೂ ಒಂದು ಕ್ರೀಡೆ ಅಲ್ಲದಿದ್ರೂ ಷರತ್ತು ನಿಜ ಆಗ್ಬಿಡತ್ತೆ. ಸಮ ಅಂತ ಬರೆದು ಅದರ ಹೊರಗೆ ನಾಟ್ ಹಾಕ್ಬೇಕು, ಆಗ ಯಾವ ವಿಭಾಗವೂ ಕ್ರೀಡೆ ಆಗಿರ್ಬಾರದು ಅಂತ ಆಗತ್ತೆ. ಇಷ್ಟಕ್ಕೆ ಫಂಕ್ಷನ್ ಯಾಕೆ.

ಆದ್ರೆ ಹೋಲಿಸ್ತಿರೋದು ಕನ್ನಡ ಪಠ್ಯ ಆದ್ರೆ ಕಥೆ ಬೇರೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಆರೋಗ್ಯ ಅನ್ನೋದರಲ್ಲಿ ರೋ ಇದೆಯಲ್ಲ, ಅದರ ಓತ್ವದ ಚಿಹ್ನೆಯನ್ನ ಯೂನಿಕೋಡಿನಲ್ಲಿ ಒಂದೇ ಕೋಡ್‌ಪಾಯಿಂಟ್ (ಅಕ್ಷರಕ್ಕೆ ಕೊಟ್ಟ ಸಂಖ್ಯೆ) ಆಗೂ ಇಡ್ಬಹುದು, ಎತ್ವ, ಊತ್ವ, ದೀರ್ಘದ ಗುರುತು ಅಂತ ಮೂರು ಬಿಡಿ ತುಂಡಾಗೂ ಇಡ್ಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣತ್ತೆ, ಕಣ್ಣಿಗೆ ವ್ಯತ್ಯಾಸ ಇಲ್ಲ, ಆದ್ರೆ ಎಕ್ಸ್‌ಪಾತ್‌ಗೆ ಅವು ಎರಡು ಬೇರೆ ಬೇರೆ ಪಠ್ಯ, ಸಮ ಅಲ್ಲ. ಒಂದು ಫೀಡ್ ಒಂದು ಥರ ಇನ್ನೊಂದು ಫೀಡ್ ಇನ್ನೊಂದು ಥರ ಬರೆದಿದ್ರೆ ಅರ್ಧ ಸುದ್ದಿ ಕೈ ಬಿಟ್ಟು ಹೋಗತ್ತೆ, ಯಾಕೆ ಅಂತ ಗೊತ್ತೂ ಆಗಲ್ಲ. ಇದಕ್ಕೆ ಮದ್ದು ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ಎರಡೂ ಕಡೆ ತಂದು ಆಮೇಲೆ ಹೋಲಿಸೋದು. ಎಕ್ಸ್‌ಪಾತ್ 2.0ದಲ್ಲಿ ಅದಕ್ಕೊಂದು ಫಂಕ್ಷನ್ ಇದೆ, 1.0ದಲ್ಲಿ ಇಲ್ಲ, ಪೈಥಾನಲ್ಲಿ ಯೂನಿಕೋಡ್‌ಡೇಟಾ ಅನ್ನೋ ಮಾಡ್ಯೂಲ್ ಇದನ್ನ ಒಂದೇ ಸಾಲಲ್ಲಿ ಮಾಡತ್ತೆ. ಜೊತೆಗೆ ಒತ್ತಕ್ಷರ ಆಗದ ಹಾಗೆ ತಡೆಯೋಕೆ ಟೈಪ್ ಮಾಡೋವಾಗ ಸೇರ್ಸೋ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ, ಬೇರೆ ಕಡೆಯಿಂದ ಪೇಸ್ಟ್ ಮಾಡಿದಾಗ ಬರೋ ನಾನ್‌ಬ್ರೇಕಿಂಗ್ ಸ್ಪೇಸ್. ಇವೂ ಎನ್‌ಎಫ್‌ಸಿ ಮಾಡಿದ ಮಾತ್ರಕ್ಕೆ ಹೋಗಲ್ಲ. ನಾರ್ಮಲೈಝ್‌ಸ್ಪೇಸ್ ಇದೆಯಲ್ಲ ಅಂದ್ರೆ ಅದು ಮಾಮೂಲಿ ಸ್ಪೇಸ್, ಟ್ಯಾಬ್, ಹೊಸ ಸಾಲು ಇಷ್ಟನ್ನೇ ಮುಟ್ಟೋದು. ಕನ್ನಡ ಅಂಕಿಗಳಿಗೆ ಮಾತ್ರ ಫಂಕ್ಷನ್ ಬೇಕಿಲ್ಲ, ನೇರವಾಗಿ ನಂಬರ್ ಮಾಡೋಕೆ ಹೋದ್ರೆ ನ್ಯಾನ್ ಬರತ್ತೆ ನಿಜ, ಆದ್ರೆ ಟ್ರಾನ್ಸ್‌ಲೇಟ್‌ನಲ್ಲಿ ಹತ್ತು ಅಂಕಿಗೆ ಹತ್ತು ಅಂಕಿ ಬದಲಾಯಿಸಿದ್ರೆ ಆಯ್ತು. ಕನ್ನಡ ಪಠ್ಯ ಹೋಲಿಸೋ ಒಂದೇ ಒಂದು ಫಂಕ್ಷನ್ ಬರೆದು ಎಲ್ಲಾ ಕಡೆ ಅದನ್ನೇ ಬಳಸೋದು ನಮ್ಮ ಭಾಷೆಯ ಡೇಟಾ ಮೇಲೆ ಕೆಲಸ ಮಾಡೋ ಪ್ರತಿಯೊಬ್ರೂ ಮಾಡ್ಲೇಬೇಕಾದ ಕೆಲಸ ಅಂತ ನನ್ನ ಖಚಿತ ಅಭಿಪ್ರಾಯ.

ಫಂಕ್ಷನ್ ಬರೆದ್ಮೇಲೆ ಅದನ್ನ ಎಕ್ಸ್‌ಪಾತ್ ಒಳಗೆ ರಿಜಿಸ್ಟರ್ ಮಾಡ್ಬೇಕಾ, ಅಥವಾ ಎಕ್ಸ್‌ಪಾತ್‌ನಿಂದ ಪಟ್ಟಿ ತಗೊಂಡು ಹೊರಗೆ ಪೈಥಾನಲ್ಲೇ ಸೋಸ್ಬೇಕಾ? ನನ್ನ ಮಟ್ಟಿಗೆ ಹೊರಗೆ ಸೋಸೋದೇ ವಾಸಿ, ಹೆಚ್ಚಿನ ಸಲ. ಓದೋರಿಗೆ ಸುಲಭ, ಡೀಬಗ್ ಮಾಡೋಕೆ ಸುಲಭ, ಮೇಲೆ ಹೇಳಿದ 1 ಮತ್ತು ಟ್ರೂ ಗೊಂದಲ ಹುಟ್ಟೋದೇ ಇಲ್ಲ. ಸೋಸೋ ಷರತ್ತು ದಾರಿಯ ಮಧ್ಯದಲ್ಲಿ ಬರ್ಬೇಕಾದಾಗ, ಅಂದ್ರೆ ಪಾಸಾದ ಐಟಂನಿಂದ ಇನ್ನೂ ಒಳಗೋ ಪಕ್ಕಕ್ಕೋ ಹೋಗ್ಬೇಕಾದಾಗ, ಅಥವಾ ಎಕ್ಸ್‌ಎಂಎಲ್ಲನ್ನ ಬೇರೆ ರೂಪಕ್ಕೆ ಬದಲಾಯಿಸೋ ಎಕ್ಸ್‌ಎಸ್‌ಎಲ್‌ಟಿ ಟೆಂಪ್ಲೇಟ್ ಒಳಗೆ ಬೇಕಾದಾಗ ರಿಜಿಸ್ಟರ್ ಮಾಡಿ. ಮಾಡಿದಾಗ ಅಗ್ಗದ ಷರತ್ತು ಮೊದಲು ಇರ್ಲಿ. ಎಲ್‌ಎಕ್ಸ್‌ಎಂಎಲ್‌ನ ಎಕ್ಸ್‌ಪಾತ್ ಓಡೋದು ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2 ಒಳಗೆ, ಪ್ರತಿ ಎಲಿಮೆಂಟಿಗೂ ಅಲ್ಲಿಂದ ಪೈಥಾನ್‌ಗೆ ಬಂದು ಹೋಗೋದು ದುಬಾರಿ, ಅದಕ್ಕೇ ಮೊದಲು ವಿಭಾಗ ನೋಡಿ ಹತ್ತರಲ್ಲಿ ಒಂಬತ್ತು ಬಿಟ್ಟು, ಉಳಿದ ಒಂದಕ್ಕೆ ಮಾತ್ರ ಫಂಕ್ಷನ್ ಕರೆದ್ರೆ ವೇಗ ಬರತ್ತೆ. ಮತ್ತೆ ಆ ಫಂಕ್ಷನ್ ಯಾವ ಕ್ರಮದಲ್ಲಿ ಎಷ್ಟು ಸಲ ಓಡತ್ತೆ ಅನ್ನೋದನ್ನ ನಂಬ್ಕೊಂಡು ಒಳಗೆ ಲೆಕ್ಕ ಹೆಚ್ಚಿಸೋದು, ಡೇಟಾಬೇಸಿಗೆ ಬರೆಯೋದು ಇವೆಲ್ಲಾ ಮಾಡ್ಬೇಡಿ.

ಫೈಲು ಹಲವಾರು ಜಿಬಿ ಆದಾಗ ಈ ವಿಂಗಡಣೆಯ ಬೆಲೆ ಗೊತ್ತಾಗತ್ತೆ. ಪೂರ್ತಿ ಮರವನ್ನ (ಒಂದರೊಳಗೊಂದು ಇರೋ ಎಲ್ಲಾ ಎಲಿಮೆಂಟುಗಳನ್ನ) ಮೆಮೊರಿಗೆ ಹಾಕಿದ್ರೆ ಫೈಲಿಗಿಂತ ಹಲವು ಪಟ್ಟು ಜಾಗ ತಿನ್ನತ್ತೆ, ಆಗ ಇಟರ್‌ಪಾರ್ಸ್ ಥರದ ಸ್ಟ್ರೀಮಿಂಗ್‌ಗೆ ಹೋಗ್ಬೇಕಾಗತ್ತೆ, ಒಂದೊಂದೇ ಐಟಂ ಓದಿ ಮುಗಿದ ಕೂಡ್ಲೇ ನೋಡಿ, ಬೇಕಾದ್ದು ಬರ್ಕೊಂಡು, ಖಾಲಿ ಮಾಡಿ ಮುಂದೆ ಹೋಗೋದು. ಖಾಲಿ ಮಾಡಿದ ಎಲಿಮೆಂಟುಗಳ ಸಿಪ್ಪೆ ತಾಯಿ ಎಲಿಮೆಂಟಿಗೆ ಅಂಟ್ಕೊಂಡೇ ಇರತ್ತೆ, ಅದನ್ನೂ ಕಿತ್ತು ಹಾಕ್ಬೇಕು, ಇಲ್ಲಾಂದ್ರೆ ಮೆಮೊರಿ ಏರ್ತಾನೇ ಹೋಗತ್ತೆ. ಒಂದು ಐಟಂ ತಗೊಂಡು ಉತ್ತರ ಕೊಡೋ ಫಂಕ್ಷನ್ ಇದ್ದೋರಿಗೆ ಅಲ್ಲಿ ಒಂದಕ್ಷರ ಬದಲಾಯಿಸೋ ಕೆಲಸ ಇಲ್ಲ, ಅದೇ ಫಂಕ್ಷನ್ ಅಲ್ಲೂ ಓಡತ್ತೆ. ನಿಯಮವನ್ನ ಉದ್ದನೆಯ ಎಕ್ಸ್‌ಪಾತ್ ಒಳಗೆ, ಹಿಂದಿನ ಅಣ್ಣತಮ್ಮಂದಿರನ್ನ (ಅದೇ ತಾಯಿಯ ಒಳಗೆ ಮುಂಚೆ ಬಂದ ಎಲಿಮೆಂಟುಗಳನ್ನ) ನೋಡೋ ಥರ ಬರೆದೋರು ಎಲ್ಲವನ್ನೂ ಹೊಸದಾಗಿ ಬರೀಬೇಕು.

ಬೇಡದ್ದನ್ನ ಮರದಿಂದಲೇ ತೆಗೆದು ಹಾಕೋ ಕೆಲಸ ಇದ್ರೆ, ಲೂಪ್ ಓಡ್ತಿರೋವಾಗ್ಲೇ ಕಿತ್ತು ಹಾಕ್ಬೇಡಿ, ಕಿತ್ತ ತಕ್ಷಣ ಮುಂದಿಂದು ಅದರ ಜಾಗಕ್ಕೆ ಸರಿಯತ್ತೆ, ಲೂಪು ಅದನ್ನ ದಾಟಿ ಹೋಗತ್ತೆ. ಮೊದಲು ಪಟ್ಟಿ ಮಾಡ್ಕೊಂಡು ಆಮೇಲೆ ಕೀಳಿ. ಪೈಥಾನ್ ಲೈಬ್ರರಿಗಳಲ್ಲಿ ಟ್ಯಾಗ್ ಮುಚ್ಚಿದ ಮೇಲೆ ಬರೋ ಪಠ್ಯಾನೂ ಆ ಎಲಿಮೆಂಟ್ ಜೊತೇಲೇ ಹೋಗತ್ತೆ, ವಾಕ್ಯದ ಮಧ್ಯೆ ಟ್ಯಾಗ್ ಇರೋ ದಾಖಲೆಗಳಲ್ಲಿ ಅರ್ಧ ವಾಕ್ಯ ಮಾಯ ಆಗತ್ತೆ, ಇದನ್ನ ಜೋಪಾನವಾಗಿ ನೋಡ್ಕೋಬೇಕು.

ಸುರಕ್ಷತೆ ಬಗ್ಗೆ ಎರಡು ಮಾತು. ಬಳಕೆದಾರರು ಟೈಪ್ ಮಾಡಿದ್ದನ್ನ ಎಕ್ಸ್‌ಪಾತ್ ಸಾಲಿಗೆ ಪ್ಲಸ್ ಹಾಕಿ ಅಂಟಿಸ್ಬೇಡಿ, ಎಕ್ಸ್‌ಪಾತ್‌ನ ವೇರಿಯೇಬಲ್ ಆಗಿ ಕೊಡಿ, ಇಲ್ಲದಿದ್ರೆ ಒಂದು ಕೋಟ್ ಗುರುತು ಹಾಕಿ ನಿಮ್ಮ ಷರತ್ತನ್ನೇ ಬದಲಾಯಿಸ್ಬಿಡ್ತಾರೆ. ಪಿಎಚ್‌ಪಿಯಲ್ಲಿ ಫಂಕ್ಷನ್ ರಿಜಿಸ್ಟರ್ ಮಾಡೋವಾಗ ಯಾವ ಫಂಕ್ಷನ್ ಅಂತ ಹೆಸರು ಕೊಡದೇ ಇದ್ರೆ ಭಾಷೆಯ ಎಲ್ಲಾ ಫಂಕ್ಷನ್ನನ್ನೂ ಎಕ್ಸ್‌ಪಾತ್‌ನಿಂದ ಕರೆಯೋಕೆ ಬಾಗಿಲು ತೆಗೆದ ಹಾಗೆ, ಹೆಸರು ಕೊಟ್ಟೇ ಮಾಡಿ. ಹೊರಗಿಂದ ಬಂದ ಫೈಲ್ ಓದೋವಾಗ ಪಾರ್ಸರ್‌ನಲ್ಲಿ (ಎಕ್ಸ್‌ಎಂಎಲ್ ಓದೋ ಕೋಡ್) ಹೊರಗಿನ ಎಂಟಿಟಿ, ಅಂದ್ರೆ ಬೇರೆ ಫೈಲನ್ನ ಒಳಗೆ ಎಳ್ಕೊಳ್ಳೋ ಸೌಲಭ್ಯ, ಆಫ್ ಮಾಡಿ.

ನೇಮ್‌ಸ್ಪೇಸ್ (ಟ್ಯಾಗ್ ಹೆಸರು ಯಾವ ಗುಂಪಿಗೆ ಸೇರಿದ್ದು ಅಂತ ಹೇಳೋ ಗುರುತು) ಬಗ್ಗೆ ಹೇಳದಿದ್ರೆ ಯಾರಾದ್ರೂ ಬೈತಾರೆ. ಆರ್‌ಎಸ್‌ಎಸ್ ಥರದ್ದೇ ಇನ್ನೊಂದು ರೂಪವಾದ ಆಟಮ್ ಫೀಡ್‌ಗಳಲ್ಲಿ ಮೇಲೆ ಒಂದು ಡೀಫಾಲ್ಟ್ ನೇಮ್‌ಸ್ಪೇಸ್ ಇರತ್ತೆ, ಪ್ರಿಫಿಕ್ಸ್ ಇಲ್ಲದೆ ಹುಡುಕಿದ್ರೆ ಏನೂ ಸಿಗಲ್ಲ, ಫಂಕ್ಷನ್ ಕೆಟ್ಟಿದೆ ಅಂತ ಅದನ್ನ ತಿದ್ದೋಕೆ ಹೋಗ್ಬೇಡಿ, ಫಂಕ್ಷನ್‌ವರೆಗೆ ಯಾವುದೂ ಬಂದೇ ಇರಲ್ಲ. ಎಲ್ಲಿದೆ ಅನ್ನೋ ಭಾಗ, ಬೇಕೋ ಬೇಡ್ವೋ ಅನ್ನೋ ಭಾಗ ಬೇರೆ ಬೇರೆ ಇದ್ರೆ ತಪ್ಪು ಯಾವುದರಲ್ಲಿ ಅಂತ ಒಂದು ನಿಮಿಷದಲ್ಲಿ ಗೊತ್ತಾಗತ್ತೆ, ಮೊದಲು ಎಕ್ಸ್‌ಪಾತ್ ಎಷ್ಟು ತಂತು ಅಂತ ಎಣಿಸಿ, ಆಮೇಲೆ ಐದಾರು ಸಾಲಿನ ಪುಟ್ಟ ಎಕ್ಸ್‌ಎಂಎಲ್ ಕೊಟ್ಟು ಫಂಕ್ಷನ್ ಟೆಸ್ಟ್ ಮಾಡಿ.

ಸಂಪಾದಕರೇ, ನನ್ನ ಕೋರಿಕೆ ಎರಡಿದೆ. ಒಂದು, ಇಂಥ ವಿಷಯ ಗೊತ್ತಿರೋರಿಂದ ತಂತ್ರಜ್ಞಾನ ಪುಟದಲ್ಲಿ ಆಗಾಗ ಬರೆಸಿ, ಕಾಲೇಜಲ್ಲಿ ಓದ್ತಿರೋ ಮಕ್ಕಳು ಕನ್ನಡದಲ್ಲಿ ಓದಿದ್ರೆ ಅವರಿಗೆ ಎಷ್ಟು ಚೆನ್ನಾಗಿ ತಲೆಗೆ ಹೋಗತ್ತೆ ಅಂತ ಹೇಳಿ ಕೊಟ್ಟೋರಿಗೆ ಗೊತ್ತು. ಎರಡನೇದು ಫೀಡ್ ತಯಾರಿಸೋ ಎಲ್ಲಾ ಪತ್ರಿಕೆಯೋರಿಗೂ, ನಿಮ್ಮ ತಾಂತ್ರಿಕ ವಿಭಾಗಕ್ಕೂ ಸೇರಿ. ಪ್ರತಿ ಐಟಂಗೂ ದಿನಾಂಕ ಕೊಡಿ, ಅದರಲ್ಲಿ ಟೈಮ್‌ಝೋನ್ ಇರ್ಲಿ. ಎರಡು ವಿಭಾಗಕ್ಕೆ ಸೇರಿದ ಸುದ್ದಿ ಆದ್ರೆ ಅಲ್ಪವಿರಾಮ ಹಾಕಿ ಒಂದೇ ಎಲಿಮೆಂಟಲ್ಲಿ ತುಂಬ್ಬೇಡಿ, ಎರಡು ಎಲಿಮೆಂಟ್ ಮಾಡಿ. ಕನ್ನಡ ಪಠ್ಯವನ್ನ ಹೊರಗೆ ಬಿಡೋ ಮುಂಚೆ ಎನ್‌ಎಫ್‌ಸಿಗೆ ತನ್ನಿ. ನಿಮ್ಮ ಕಡೆ ಇಷ್ಟಾದ್ರೆ ಓದೋರ ಕಡೆ ಎಷ್ಟೋ ಫಂಕ್ಷನ್ ಅರ್ಧಕ್ಕೆ ಇಳಿಯತ್ತೆ.

ಇತಿ,
ನಿಮ್ಮ ಓದುಗ